ಪಾತ್ರದ ಮೈಯಲ್ಲಿ ಎಷ್ಟು ಸ್ನಾಯು ಕೆತ್ತಬೇಕು?

ಪ್ರಶ್ನೆ: ಗೇಮ್ ಒಂದಕ್ಕಾಗಿ ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಮನುಷ್ಯನ ಮಾದರಿ ಮಾಡುತ್ತಿದ್ದೇನೆ. ಅಂಗರಚನೆಯ ಪುಸ್ತಕ ನೋಡಿಕೊಂಡು ಒಂದೊಂದೇ ಸ್ನಾಯುವನ್ನು ಕೆತ್ತುತ್ತಿದ್ದೇನೆ. ಎಲ್ಲಿ ನಿಲ್ಲಿಸಬೇಕು?

ಉತ್ತರ: ಮೊದಲು ಆ ಪುಸ್ತಕವನ್ನು ಸ್ವಲ್ಪ ಅನುಮಾನದಿಂದ ನೋಡಿ. ಅದರಲ್ಲಿರುವುದು ಚರ್ಮ, ಕೊಬ್ಬು ತೆಗೆದ ದೇಹ. ಇದ್ದದ್ದನ್ನು ಇದ್ದಂತೆಯೇ ಇಳಿಸಿದರೆ ನಿಮ್ಮ ಕಥೆಯ ಕಿರಾಣಿ ಅಂಗಡಿಯವನೂ ಸ್ಪರ್ಧೆಗೆ ನಿಂತ ದೇಹದಾರ್ಢ್ಯ ಪಟುವಿನಂತೆ ಕಾಣುತ್ತಾನೆ.

ಆಮೇಲೆ ಕ್ಯಾಮೆರಾದ ಲೆಕ್ಕ. 1080 ಪಿಕ್ಸೆಲ್ ಎತ್ತರದ ಪರದೆಯಲ್ಲಿ ಪಾತ್ರ ಮೂರನೇ ಒಂದು ಭಾಗ ತುಂಬಿದರೆ ಅದರ ಎತ್ತರ 360 ಪಿಕ್ಸೆಲ್. ಇಡೀ ಮೈ ತಲೆಯ ಏಳೂವರೆ ಪಟ್ಟು ಎತ್ತರ ಎಂಬ ಅಳತೆ ಹಿಡಿದರೆ ತಲೆಗೆ 48, ಕಿವಿಗೆ ಹತ್ತು ಹನ್ನೆರಡು. ಅಷ್ಟರಲ್ಲಿ ಕಿವಿಯ ಒಳಮಡಿಕೆ ಯಾರಿಗೆ ಕಾಣಬೇಕು? ಮಾದರಿಯನ್ನು ಒಂದು ಹಂತ ಸೂಕ್ಷ್ಮಗೊಳಿಸಿದಾಗಲೆಲ್ಲ ಪಾಲಿಗನ್‌ಗಳು, ಅಂದರೆ ಅದರ ಮೇಲ್ಮೈ ಕಟ್ಟುವ ಚಿಕ್ಕ ತುಣುಕುಗಳು, ನಾಲ್ಕು ಪಟ್ಟಾಗುತ್ತವೆ. 10 ಸಾವಿರದಿಂದ ಹೊರಟರೆ ನಾಲ್ಕನೇ ಹಂತಕ್ಕೆ 25.6 ಲಕ್ಷ.

ಆದರೆ ದೂರದ ಪಾತ್ರಕ್ಕೂ ಬಿಡಬಾರದ್ದು ಮೂಳೆ. ಕೊರಳೆಲುಬು, ಮೊಣಕೈ ತುದಿ, ಮಂಡಿಚಿಪ್ಪು, ಕಾಲಿನ ಹರಡಿನ ಗಂಟುಗಳು ಚರ್ಮಕ್ಕೆ ತೀರ ಹತ್ತಿರವಿರುತ್ತವೆ. ಹರಡಿನ ಒಳಗಂಟು ಹೊರಗಂಟಿಗಿಂತ ಮೇಲಿರುತ್ತದೆ. ಎರಡನ್ನೂ ಒಂದೇ ಮಟ್ಟದಲ್ಲಿಟ್ಟರೆ, ಏನು ತಪ್ಪೆಂದು ಹೇಳಲಾಗದವರಿಗೂ ಕಾಲು ಸರಿಯಿಲ್ಲ ಅನ್ನಿಸುತ್ತದೆ. ದಪ್ಪ ಮೈಯವರಲ್ಲೂ ಈ ಗುರುತುಗಳು ಮಾಯವಾಗುವುದಿಲ್ಲ. ಗುಂಡು ಕೈಯಲ್ಲಿ ಬೆರಳ ಬುಡದ ಗೆಣ್ಣುಗಳು ಉಬ್ಬುವ ಬದಲು ಕುಳಿ ಬೀಳುತ್ತವೆ, ಅಷ್ಟೇ.

ಸ್ನಾಯುವಿನ ತೊಂದರೆ ಚಲನೆಯಲ್ಲಿದೆ. ನಿಮ್ಮ ಮುಂಗೈಯನ್ನೇ ನೋಡಿಕೊಳ್ಳಿ. ಅಂಗೈ ಮೇಲಿದ್ದಾಗ ಎರಡು ಮೂಳೆಗಳು ಅಕ್ಕಪಕ್ಕ ಇರುತ್ತವೆ. ಅಂಗೈ ಕೆಳಗೆ ತಿರುಗಿಸಿದರೆ ಹೆಬ್ಬೆರಳ ಕಡೆಯದು ಇನ್ನೊಂದನ್ನು ಅಡ್ಡ ಹಾಯುತ್ತದೆ, ಮೇಲಿನ ಸ್ನಾಯುಗಳೂ ತಿರುಚಿಕೊಳ್ಳುತ್ತವೆ. ಕಿರುಬೆರಳ ಕಡೆಯ ಮೂಳೆಯ ಅಂಚು ಮಾತ್ರ ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆರಳಿಗೆ ಸಿಗುತ್ತಲೇ ಇರುತ್ತದೆ. ಆ ಅಂಚನ್ನು ಧೈರ್ಯವಾಗಿ ಕೆತ್ತಿ. ಉಳಿದ ಗೆರೆಗಳನ್ನು ತೇಲಿಸಿ ಬಿಡಿ. ಏಕೆಂದರೆ ನಾರ್ಮಲ್ ಮ್ಯಾಪ್‌ಗೆ (ಉಬ್ಬುತಗ್ಗಿನ ಭ್ರಮೆ ಹುಟ್ಟಿಸುವ ಚಿತ್ರಕ್ಕೆ) ಇಳಿಸಿದ ತಗ್ಗು ಅಚ್ಚೊತ್ತಿದ ಹಾಗೆಯೇ ಇರುತ್ತದೆ, ಕೈ ತಿರುಗಿದರೂ ಬದಲಾಗುವುದಿಲ್ಲ. ಭುಜದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ: ಕೈ ಇಳಿಬಿಟ್ಟಾಗ ಎದೆ ಮತ್ತು ಭುಜದ ನಡುವೆ ಆಳವಾಗಿ ಕೊರೆದ ಸೀಳು ಕೈ ಎತ್ತಿದಾಗ ಗಾಯದ ಕಲೆಯಾಗುತ್ತದೆ. ಸಿನಿಮಾದವರು ಸ್ನಾಯುಗಳ ಚಲನೆಯನ್ನೇ ಬೇರೆಯಾಗಿ ಲೆಕ್ಕ ಹಾಕಿಸಬಲ್ಲರು. ಸಣ್ಣ ಗೇಮ್ ತಂಡಕ್ಕೆ ಅದು ದುಬಾರಿ.

ಬಟ್ಟೆಯ ಕೆಳಗೆ ಹೆಗಲು, ಸೊಂಟದ ಆಕಾರ ಸಾಕು. ಚರ್ಮದ ರಂಧ್ರ, ಸಣ್ಣ ಸುಕ್ಕುಗಳನ್ನು ಟೆಕ್ಸ್ಚರ್‌ಗೆ, ಅಂದರೆ ಮಾದರಿಯ ಮೇಲೆ ಹೊದಿಸುವ ಚಿತ್ರಕ್ಕೆ ಬಿಡಿ, ಅದೂ ಮುಖ ಹತ್ತಿರದಿಂದ ಕಾಣುವುದಾದರೆ.

ಇದೇ ಮಾದರಿಯನ್ನು 3ಡಿ ಮುದ್ರಣಕ್ಕೆ ಕೊಡುವುದಾದರೆ ಲೆಕ್ಕ ತಿರುಗುಮುರುಗು. 180 ಸೆಂ.ಮೀ. ಎತ್ತರದವನನ್ನು 15 ಸೆಂ.ಮೀ.ಗೆ ಇಳಿಸಿದಾಗ 1 ಮಿ.ಮೀ. ಸುಕ್ಕು 0.08 ಮಿ.ಮೀ. ಆಗುತ್ತದೆ, ಬಣ್ಣದ ಮೊದಲ ಪದರವೇ ಅದನ್ನು ಮುಚ್ಚಿಬಿಡುತ್ತದೆ. ಅಲ್ಲಿ ಬೊಂಬೆ ಅಲುಗಾಡುವುದೂ ಇಲ್ಲ, ಹಾಗಾಗಿ ಇರುವುದಕ್ಕಿಂತ ಆಳವಾಗಿಯೇ ಕೆತ್ತಿ.