ಮಷಿನ್ ಬರೆದದ್ದನ್ನು ಓದುವವರು ಯಾರು?

2000ನೇ ಇಸವಿಯ ಅಮೆರಿಕ ಅಧ್ಯಕ್ಷ ಚುನಾವಣೆ. ಫ್ಲೋರಿಡಾದ ಪಾಮ್ ಬೀಚ್ ಕೌಂಟಿಯ ಮತಪತ್ರದಲ್ಲಿ ಎರಡೂ ಪುಟಗಳಲ್ಲಿ ಹೆಸರು, ನಡುವೆ ಮತ ಹಾಕಲು ತೂತು ಮಾಡುವ ಜಾಗ. ಎಡಪುಟದಲ್ಲಿ ಅಲ್ ಗೋರ್ ಹೆಸರು ಎರಡನೆಯದು. ಆದರೆ ಎರಡನೇ ತೂತು ಬಲಪುಟದಲ್ಲಿದ್ದ ಇನ್ನೊಬ್ಬ ಅಭ್ಯರ್ಥಿ ಪ್ಯಾಟ್ ಬ್ಯುಕಾನನ್ ಅವರದು! ಬ್ಯುಕಾನನ್‌ಗೆ ಅಲ್ಲಿ 3,400ಕ್ಕೂ ಹೆಚ್ಚು ಮತ ಬಿತ್ತು. ಗೋರ್ ಇಡೀ ರಾಜ್ಯದಲ್ಲಿ ಸೋತದ್ದು 537 ಮತಗಳಿಂದ.

ಈ ತೂತಿನ ಸಹವಾಸವೇ ಬೇಡ ಎಂದು 2002ರಲ್ಲಿ ಕಾಯ್ದೆ ಬಂತು, ಹಣವೂ ಬಂತು. ಹಲವು ಕಡೆ ಕಾಗದವೇ ಇಲ್ಲದ ಟಚ್‌ಸ್ಕ್ರೀನ್ ಮಷಿನ್ ಕೊಂಡರು.

2006ರಲ್ಲಿ ಅದೇ ಫ್ಲೋರಿಡಾದ ಸರಸೋಟಾ ಕೌಂಟಿ. ಸಂಸತ್ ಸ್ಥಾನದ ಸ್ಪರ್ಧೆಯಲ್ಲಿ ಸುಮಾರು 18,000 ಜನರ ಮತ ದಾಖಲಾಗಲೇ ಇಲ್ಲ. ಗೆಲುವಿನ ಅಂತರ ಬರೀ 369. ಸ್ಕ್ರೀನ್ ಮೇಲ್ತುದಿಯಲ್ಲಿ ಈ ಸ್ಪರ್ಧೆಯ ಎರಡೇ ಹೆಸರು. ಅದರ ಕೆಳಗೆ ಎದ್ದು ಕಾಣುವ ಶೀರ್ಷಿಕೆ, ಗವರ್ನರ್ ಹುದ್ದೆಯ ಉದ್ದ ಪಟ್ಟಿ. ಕಣ್ಣು ನೇರ ಅಲ್ಲಿಗೇ ಹೋಗಿರಬೇಕು ಎಂದರು ಹಲವು ತಜ್ಞರು. ಅಲ್ಲ, ಮಷಿನ್ನೇ ಕೆಟ್ಟಿತ್ತು ಎಂದರು ಇನ್ನು ಕೆಲವರು. ಮರು ಎಣಿಕೆ ಮಾಡೋಣ ಅಂದರೆ ಎಣಿಸಲು ಏನಿದೆ? ಮಷಿನ್ ಮೊದಲು ಹೇಳಿದ್ದನ್ನೇ ಮತ್ತೆ ಹೇಳುತ್ತದೆ, ಅಷ್ಟೇ. ಮತ ಹಾಕುವಾಗಿನ ಗೊಂದಲ, ಆಡಿಟ್ (ಎಣಿಕೆ ಸರಿಯಿದೆಯೇ ಎಂಬ ತಪಾಸಣೆ) ಎರಡೂ ಬೇರೆ ಬೇರೆ ವಿಷಯ ಅಂದುಕೊಂಡವರಿಗೆ ಇದೊಂದು ಪಾಠ, ಅಲ್ವಾ?

ಮರುವರ್ಷವೇ ಫ್ಲೋರಿಡಾ ಕಾಗದಕ್ಕೆ ಮರಳುವ ಕಾನೂನು ಮಾಡಿತು. 2009ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ, ತಾಂತ್ರಿಕ ಜ್ಞಾನವಿಲ್ಲದ ಸಾಮಾನ್ಯನೂ ಎಣಿಕೆಯನ್ನು ಪರೀಕ್ಷಿಸುವಂತಿರಬೇಕು ಎಂದಿತು.

ಕಾಗದವಿದ್ದರೆ ಎಲ್ಲವನ್ನೂ ಎಣಿಸಬೇಕಿಲ್ಲ. 2017ರಲ್ಲಿ ಕೊಲರಾಡೊ ಇಡೀ ರಾಜ್ಯದಲ್ಲಿ ಹೊಸ ಬಗೆಯ ಆಡಿಟ್ ಶುರು ಮಾಡಿತು. ಎಲ್ಲರೆದುರು ದಾಳ ಉರುಳಿಸಿ, ಬಂದ ಅಂಕಿಗಳ ನೆರವಿನಿಂದ ಮತಪತ್ರಗಳನ್ನು ಆರಿಸುತ್ತಾರೆ, ಮಷಿನ್ ಲೆಕ್ಕದೊಂದಿಗೆ ಹೋಲಿಸುತ್ತಾರೆ. ಗೆಲುವಿನ ಅಂತರ ದೊಡ್ಡದಾದರೆ ಸ್ವಲ್ಪ ಮತಪತ್ರ ಸಾಕು, ಚಿಕ್ಕದಾದರೆ ಜಾಸ್ತಿ ಬೇಕು. ಸಂಖ್ಯಾಶಾಸ್ತ್ರಜ್ಞ ಫಿಲಿಪ್ ಸ್ಟಾರ್ಕ್ ಕೊಟ್ಟ ಈ ಉಪಾಯ ನನಗಂತೂ ಬಹಳ ಇಷ್ಟ.

ಒಂದು ತೊಡಕಿದೆ. ಮತವನ್ನು ಮಷಿನ್ನೇ ಮುದ್ರಿಸಿದ್ದರೆ, ಆ ಕಾಗದ ಸರಿಯಿದೆಯೇ ಎಂದು ನೋಡಬೇಕಾದವರು ಮತದಾರರು. ನೋಡುತ್ತಾರಾ? ಮಿಷಿಗನ್ ವಿಶ್ವವಿದ್ಯಾಲಯದವರು ಅಣಕು ಚುನಾವಣೆ ನಡೆಸಿ, ಪ್ರತಿ ಕಾಗದದಲ್ಲೂ ಬೇಕೆಂದೇ ಒಂದು ಮತ ತಪ್ಪಾಗಿ ಮುದ್ರಿಸಿದರು. 2020ರಲ್ಲಿ ಬಂದ ವರದಿ ಪ್ರಕಾರ, ಯಾರೂ ಏನೂ ನೆನಪಿಸದಿದ್ದಾಗ ಕಾಗದ ನೋಡಿದವರೇ ಶೇ 40. ತಪ್ಪಾಗಿದೆ ಎಂದು ಸಿಬ್ಬಂದಿಗೆ ಹೇಳಿದವರು ಶೇ 6.6 ಮಾತ್ರ. ಗೋಡೆಗೆ ಸೂಚನಾ ಫಲಕ ಹಾಕಿದರೂ ಉಪಯೋಗವಾಗಲಿಲ್ಲ. ಆದರೆ ಯಾರಿಗೆ ಮತ ಹಾಕಬೇಕೆಂಬ ಪಟ್ಟಿ ಕೈಯಲ್ಲಿದ್ದು, ಮುದ್ರಿತ ಕಾಗದ ಹೊರಬಂದ ಮೇಲೆ ಸಿಬ್ಬಂದಿ ‘ಒಮ್ಮೆ ನೋಡಿಕೊಳ್ಳಿ’ ಎಂದಾಗ, ಹೆಚ್ಚಿನವರು ತಪ್ಪು ಹಿಡಿದರು.