ಎರಡು ಫಾರ್ ಲೂಪ್‌ಗಳು ಎಲ್ಲಿ ಹೋದವು?

ಕಲಬುರಗಿ, ಬೀದರ್ ಕಡೆಯ ಕಾಲೇಜುಗಳಲ್ಲಿ ಸಿ ಭಾಷೆ ಹಿಡಿದು ಇಮೇಜ್ ಪ್ರೊಸೆಸಿಂಗ್ ಕಲಿತವರನ್ನು ಕೇಳಿ ನೋಡಿ. ಎರಡು ಫಾರ್ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆದೇಶ) ನೆನಪಿರುತ್ತವೆ. ಒಂದು ಅಡ್ಡಸಾಲಿಗೆ, ಇನ್ನೊಂದು ಕಂಬಸಾಲಿಗೆ. ಫೋಟೊ ಸ್ವಲ್ಪ ಬೆಳ್ಳಗೆ ಮಾಡಬೇಕೆಂದರೂ ಅವೇ ಎರಡು ಲೂಪ್. ಈಗಿನವರು ಪೈಥಾನ್‌ನಲ್ಲಿ ‘ಚಿತ್ರ + 40’ ಎಂದು ಬರೆದು ಮುಗಿಸುತ್ತಾರೆ. (8 ಬಿಟ್‌ನಲ್ಲಿ 255 ದಾಟಿದರೆ ಎಣಿಕೆ ಮತ್ತೆ 0ಯಿಂದ. ಹಾಗಾಗಿ 230ಕ್ಕೆ 40 ಸೇರಿಸಿದರೆ 14 ಆಗಿ, ಬೆಳ್ಳಗಿದ್ದ ಜಾಗ ಕಪ್ಪಾಗುತ್ತದೆ. ಅದು ಬೇರೆ ಜಗಳ ಬಿಡಿ.) ಈ ಒಂದು ಸಾಲಿನ ಕಥೆ ಪೈಥಾನ್‌ಗಿಂತ ಬಹಳ ಹಳೆಯದು.

ಕೆನಡಾದ ಕೆನೆತ್ ಐವರ್ಸನ್ 1950ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಪಾಠ ಮಾಡುತ್ತಿದ್ದರು. ಗಣಿತ ಬರೆಯುವ ರೂಢಿಯ ರೀತಿ ಅವರಿಗೆ ಒಗ್ಗಲಿಲ್ಲ. ಒಂದೊಂದು ಕಡೆ ಒಂದೊಂದು ನಿಯಮ, ಅಲ್ವಾ? ಹಾಗಾಗಿ ತಮ್ಮದೇ ಚಿಹ್ನೆಗಳನ್ನು ಕಟ್ಟಿಕೊಂಡರು. ಐಬಿಎಂ ಸೇರಿದ ಮೇಲೆ, 1962ರಲ್ಲಿ ಅದು ಪುಸ್ತಕವಾಯಿತು. ಆ ಪುಸ್ತಕದ ಹೆಸರು ‘ಎ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’, ಅದರ ಮೊದಲಕ್ಷರಗಳೇ ಎಪಿಎಲ್ ಎಂಬ ಭಾಷೆಯ ಹೆಸರು. 1966ರ ಹೊತ್ತಿಗೆ ಅದು ಐಬಿಎಂ 360 ಯಂತ್ರದ ಮೇಲೆ ಓಡತೊಡಗಿತು. ಒಂದು ಸಂಖ್ಯೆಗೆ ಮಾಡುವ ಕೆಲಸವನ್ನು ಇಡೀ ಕೋಷ್ಟಕಕ್ಕೂ ಹಾಗೇ ಮಾಡಬಹುದು, ಅದೇ ಇದರ ಜೀವ.

ಚಿಹ್ನೆಗಳನ್ನೇ ನೋಡಿ. ⌽ ಎಂದರೆ ವೃತ್ತದಲ್ಲಿ ನಿಂತ ಗೆರೆ: ಎಡ ಬಲ ಅದಲು ಬದಲು. ⊖ ಎಂದರೆ ಮಲಗಿದ ಗೆರೆ: ಚಿತ್ರ ತಲೆಕೆಳಗು. ⍉ ಎಂದರೆ ಓರೆ ಗೆರೆ: ಅಡ್ಡಸಾಲು ಕಂಬಸಾಲಾಗುತ್ತದೆ. ಚಿತ್ರ ತಿದ್ದುವವರಿಗೆಂದೇ ಮಾಡಿದ ಹಾಗಿದೆ.

ಆದರೆ ಆಗ ಯಂತ್ರಕ್ಕೆ ಅಷ್ಟು ತಾಕತ್ತಿರಲಿಲ್ಲ. ಅಮೆರಿಕದ ರಸೆಲ್ ಕರ್ಶ್ 1957ರಲ್ಲಿ ತಮ್ಮ ಪುಟ್ಟ ಮಗನ ಫೋಟೊ ಸ್ಕ್ಯಾನ್ ಮಾಡಿದ್ದರು. ಅಳತೆ 176×176, ಅಂದರೆ 30,976 ಚುಕ್ಕಿ. ಹಳೆಯ ಎಪಿಎಲ್‌ನಲ್ಲಿ ಒಬ್ಬರಿಗೆ ಸಿಗುತ್ತಿದ್ದ ಜಾಗ ಸುಮಾರು 32 ಕಿಲೋಬೈಟ್. ಬರೀ ಕಪ್ಪು ಬಿಳುಪಾದರೆ ಚುಕ್ಕಿಗೆ ಒಂದು ಬಿಟ್ ಸಾಕು, ಆರಾಮಾಗಿ ಹಿಡಿಯುತ್ತಿತ್ತು. ಬೂದು ಛಾಯೆ ಬೇಕೆಂದರೆ ಪ್ರತಿ ಪೂರ್ಣಾಂಕಕ್ಕೆ 4 ಬೈಟ್. ಲೆಕ್ಕ 1,23,904 ಬೈಟ್‌ಗೆ ಹೋಗುತ್ತದೆ. ಅಷ್ಟು ಚಿಕ್ಕ ಫೋಟೊಗೂ ಜಾಗವಿಲ್ಲ!

ಕೀಬೋರ್ಡ್‌ನ ಗೋಳು ಬೇರೆ. ಎಪಿಎಲ್ ಬರೆಯಲು ಐಬಿಎಂ ಟೈಪ್‌ರೈಟರ್ ಟರ್ಮಿನಲ್‌ಗೆ ಬೇರೆ ಅಕ್ಷರಗಳ ಅಚ್ಚಿನ ಗುಂಡು ಹಾಕಬೇಕಿತ್ತು. ಯೂನಿಕೋಡ್ ಬರುವ ಮುಂಚೆ ಫಾಂಟ್ ಇಲ್ಲದೆ ಕನ್ನಡದ ಫೈಲ್ ತೆರೆದು ಕಂಗಾಲಾದವರಿಗೆ ಈ ಕಷ್ಟ ಹೇಳಿಕೊಡಬೇಕಿಲ್ಲ. 1979ರಲ್ಲಿ ಕಂಪ್ಯೂಟರ್ ಕ್ಷೇತ್ರದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪಡೆದ ಐವರ್ಸನ್ ಕೂಡ 1990ರಲ್ಲಿ ರಾಜರ್ ಹುಯಿ ಜೊತೆ ಜೆ ಭಾಷೆ ತಂದಾಗ ಮಾಮೂಲಿ ಕೀಬೋರ್ಡ್‌ಗೇ ಇಳಿದರು. ಅಷ್ಟರಲ್ಲಿ ಕೋಷ್ಟಕಗಳ ಲೆಕ್ಕದ ತಂತ್ರಾಂಶ ಮ್ಯಾಟ್‌ಲ್ಯಾಬ್ ಮಾರುಕಟ್ಟೆಗೆ ಬಂದಾಗಿತ್ತು. ಪೈಥಾನ್‌ಗೆ 1995ರಲ್ಲಿ ಅದೇ ಕೆಲಸಕ್ಕೆ ನ್ಯೂಮೆರಿಕ್ ಎಂಬ ಸೇರ್ಪಡೆ ಬಂತು, 2006ರಲ್ಲಿ ನಂಪೈ. ಚಿಹ್ನೆಗಳು ಹಿಂದೆ ಉಳಿದವು, ಕೋಷ್ಟಕವನ್ನು ಇಡಿಯಾಗಿ ಹಿಡಿಯುವ ಪದ್ಧತಿ ಮಾತ್ರ ಮುಂದೆ ಬಂತು. ನನಗಂತೂ ಆ ಚಿಹ್ನೆಗಳು ಹೋದದ್ದು ನಷ್ಟವೇ ಅನಿಸುತ್ತದೆ.

ಯಾಕೆ ಅಂದರೆ, ಬೀದರ್‌ನ ಒಂದು ಬಿದ್ರಿ ಹೂಜಿಯ ಫೋಟೊ ತೆಗೆದುಕೊಳ್ಳಿ. ಸತು ತಾಮ್ರದ ಮೈ, ಕೋಟೆಯ ಮಣ್ಣಿನಿಂದ ಕಪ್ಪಾಗಿದೆ. ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಫೋಟೊದ ಒಂದು ಮೂಲೆಯ ಚುಕ್ಕಿಗಳ ಬೆಳಕು ಹೀಗಿದೆ ಅನ್ನಿ (0 ಕಪ್ಪು, 255 ಬಿಳಿ):

28 35 210
31 205 198
214 202 40

‘128<ಚಿತ್ರ’ ಎಂದರೆ 128ಕ್ಕಿಂತ ಬೆಳ್ಳಗಿದ್ದಲ್ಲಿ, ಅಂದರೆ ಬೆಳ್ಳಿ ಇದ್ದಲ್ಲಿ 1, ಇಲ್ಲದಲ್ಲಿ 0:

0 0 1
0 1 1
1 1 0

ಬೆಳ್ಳಿ ಎಷ್ಟು ಪಾಲು? ‘(+/÷≢),128<ಚಿತ್ರ’. ಬಲದಿಂದ ಎಡಕ್ಕೆ ಓದಿ: ಹೋಲಿಸು, ಒಂದೇ ಸಾಲಾಗಿ ಹರಡು, ಮೊತ್ತವನ್ನು ಎಣಿಕೆಯಿಂದ ಭಾಗಿಸು. ಒಂಬತ್ತರಲ್ಲಿ ಐದು, ಸುಮಾರು 0.56.

ನಿಜವಾದ ಫೋಟೊ ಇಷ್ಟು ಸಾಧು ಅಲ್ಲ. ಹೂಜಿಯ ಮೈ ದುಂಡಗೆ. ಒಂದು ಕಡೆ ಬೆಳಕು, ಇನ್ನೊಂದು ಕಡೆ ನೆರಳು. ನೆರಳಿನ ಬೆಳ್ಳಿ ಬೆಳಕಿನ ಕಪ್ಪಿಗಿಂತ ಮಂಕಾಗಿ ಬಂದರೆ 128 ಕೈಕೊಡುತ್ತದೆ. ಆಗ ಪ್ರತಿ ಚುಕ್ಕಿಯನ್ನು ಅದರ ಸುತ್ತಲಿನ ಸರಾಸರಿಗೆ ಹೋಲಿಸಬೇಕು. ಎಪಿಎಲ್‌ನ ಈಗಿನ ರೂಪಗಳಲ್ಲೊಂದಾದ ಡಯಾಲಾಗ್ ಎಪಿಎಲ್‌ನಲ್ಲಿ ಇಂಥದ್ದಕ್ಕೆಂದೇ ⌺ ಚಿಹ್ನೆ ಇದೆ: ಚಿತ್ರದ ಮೇಲೆ ಪುಟ್ಟ ಕಿಟಕಿ ಸರಿಸುತ್ತಾ ಹೋಗುತ್ತದೆ. ಆದರೆ ಕಿಟಕಿ ಬೆಳ್ಳಿ ತಂತಿಗಿಂತ ಅಗಲ ಇರಬೇಕು. 51×51 ಅಂದರೆ ಚುಕ್ಕಿಗೊಮ್ಮೆ 2,601 ಸಂಖ್ಯೆ ಕೂಡಿಸಬೇಕು. ಮೊಬೈಲ್‌ನ ಫೋಟೊ 1.2 ಕೋಟಿ ಚುಕ್ಕಿಯದ್ದಾದರೆ ಕಾಯುತ್ತಾ ಕೂರಬೇಕು.

ಇಲ್ಲೇ ಒಂದು ಚೆಂದದ ಉಪಾಯ ಇದೆ. ‘+⍀+\ಚಿತ್ರ’ ಎಂದು ಬರೆಯಿರಿ. ಮೊದಲು ಪ್ರತಿ ಸಾಲಿನಲ್ಲಿ ಎಡದಿಂದ ಬಲಕ್ಕೆ ಕೂಡುತ್ತಾ ಹೋಗುತ್ತದೆ, ಆಮೇಲೆ ಮೇಲಿನಿಂದ ಕೆಳಕ್ಕೆ. ಈಗ ಪ್ರತಿ ಮನೆಯಲ್ಲೂ ಅದರ ಮೇಲೆ, ಎಡಕ್ಕೆ ಇರುವ ಎಲ್ಲದರ ಮೊತ್ತ ಕೂತಿದೆ. ಯಾವ ಚೌಕದ ಮೊತ್ತ ಬೇಕಾದರೂ ನಾಲ್ಕು ಮೂಲೆ ಸಾಕು: ಎರಡು ಕೂಡಿಸು, ಎರಡು ಕಳೆ. ಕಿಟಕಿ ಎಷ್ಟೇ ದೊಡ್ಡದಿದ್ದರೂ ಕೆಲಸ ಅಷ್ಟೇ. ನಂಪೈನಲ್ಲೂ ಇದನ್ನು ಮಾಡಬಹುದು. ಆದರೆ ನಾಲ್ಕು ಗುರುತು ಪಕ್ಕಪಕ್ಕ ಕಂಡಾಗ ಉಪಾಯ ತಾನಾಗೇ ಹೊಳೆಯುವ ಸಾಧ್ಯತೆ ಜಾಸ್ತಿ.

ಎಲ್ಲವೂ ಹೀಗೆ ಬಗ್ಗುವುದಿಲ್ಲ. ಬೂದು ಚಿತ್ರವನ್ನು ಕಪ್ಪು ಬಿಳಿ ಚುಕ್ಕಿಗಳಲ್ಲೇ ಮುದ್ರಿಸಲು ಫ್ಲಾಯ್ಡ್ ಮತ್ತು ಸ್ಟೈನ್‌ಬರ್ಗ್ 1976ರಲ್ಲಿ ಪ್ರಕಟಿಸಿದ ವಿಧಾನವನ್ನೇ ನೋಡಿ. ಒಂದು ಚುಕ್ಕಿಯಲ್ಲಿ ಆದ ತಪ್ಪಿನ ಪಾಲನ್ನು ಪಕ್ಕದ, ಕೆಳಗಿನ ಚುಕ್ಕಿಗಳಿಗೆ ಹಂಚಬೇಕು. ಇದು ತೀರ್ಮಾನವಾಗದೆ ಮುಂದಿನದು ಆಗುವುದಿಲ್ಲ. ಇಡೀ ಕೋಷ್ಟಕ ಒಟ್ಟಿಗೆ ಎತ್ತಲು ದಾರಿಯೇ ಇಲ್ಲ. ಅಂಥ ಭಾಗವನ್ನು ಸಿಯಲ್ಲಿ ಬರೆದು ಎಪಿಎಲ್‌ನಿಂದ ಕರೆಯುವ ಅನುಕೂಲ ಡಯಾಲಾಗ್‌ನಲ್ಲಿದೆ.