ಮಾವಿನ ಸಸಿ ಹೊತ್ತು ತಂದವರು: ಘಾನಾದ ಹಳ್ಳಿಗಳಲ್ಲಿ ಬಾಸೆಲ್ ಮಿಶನ್

1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದರು. ಇದು ನಮಗೆಲ್ಲ ಗೊತ್ತಿರುವ ಸಂಗತಿ. ಅದಕ್ಕೆ ಎರಡೂವರೆ ತಿಂಗಳ ಹಿಂದೆ, ಈಸ್ಟರ್ ಹಬ್ಬದ ಹೊತ್ತಿಗೆ, ಪಶ್ಚಿಮ ಆಫ್ರಿಕಾದ ಕಡಲಂಚಿನ ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಯೆದುರು ಒಂದು ಹಡಗು ಲಂಗರು ಹಾಕಿತ್ತು. ಅದರಲ್ಲಿ ಬಂದಿಳಿದ ಸುಮಾರು 24 ಮಂದಿ ಕರಿಯರು ಜಮೈಕಾ ಮತ್ತು ಆಂಟಿಗುವಾ ದ್ವೀಪಗಳ ಕ್ರೈಸ್ತರು. ಬ್ರಿಟಿಷ್ ದ್ವೀಪಗಳಲ್ಲಿ ಗುಲಾಮಗಿರಿ ಪೂರ್ತಿ ಕೊನೆಗೊಂಡು ಆಗಿನ್ನೂ ಐದೇ ವರ್ಷವಾಗಿತ್ತು. ಸಂಕೋಲೆಯಲ್ಲಿ ಅಟ್ಲಾಂಟಿಕ್ ದಾಟಿಸಲ್ಪಟ್ಟವರ ಮಕ್ಕಳು, ಮೊಮ್ಮಕ್ಕಳು ಈಗ ಸ್ವಂತ ಇಚ್ಛೆಯಿಂದ ಅದೇ ಕಡಲನ್ನು ಮರಳಿ ದಾಟಿದ್ದರು. ಅವರನ್ನು ಕರೆತಂದದ್ದೂ ಮೋಗ್ಲಿಂಗರನ್ನು ಮಂಗಳೂರಿಗೆ ಕಳಿಸಿದ ಅದೇ ಬಾಸೆಲ್ ಮಿಶನ್.

ಬಾಸೆಲ್ ಮಿಶನ್ ಎಂದರೆ ನಮಗೆ ಮಂಗಳೂರು ಹೆಂಚು, ಕಿಟೆಲ್ ನಿಘಂಟು, ಧಾರವಾಡದ ಹಳೆಯ ಶಾಲೆ. ಘಾನಾದ ಅಕುವಾಪೆಮ್ ಗುಡ್ಡಗಳ ಹಳ್ಳಿಯವರಿಗೂ ಆ ಹೆಸರು ಅಷ್ಟೇ ಹತ್ತಿರದ್ದು. ಆಫ್ರಿಕಾದಲ್ಲಿ ಮಿಶನರಿಗಳು ಎಂದ ಕೂಡಲೇ ಕೆಲವರು ಸೇವೆಯ ಗುಣಗಾನಕ್ಕೆ ತೊಡಗುತ್ತಾರೆ, ಕೆಲವರು ವಸಾಹತುಶಾಹಿಯ ಬೈಗುಳಕ್ಕೆ. ನನಗೆ ಎರಡೂ ಸಾಲುವುದಿಲ್ಲ. ಈ ಇನ್ನೂರು ವರ್ಷಗಳ ಕತೆಯಲ್ಲಿ ಉಳಿದುಕೊಂಡದ್ದು ಏನು ಎಂದು ನೋಡಿದರೆ, ಸ್ಥಳೀಯರ ಕೈ ಸೇರಿದ್ದು ಉಳಿಯಿತು, ಸೇರದ್ದು ಉಳಿಯಲಿಲ್ಲ.

ಆರಂಭವಂತೂ ಬರೀ ಸಾವಿನದು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿದ ಈ ಸಂಸ್ಥೆ 1828ರ ಕೊನೆಗೆ ನಾಲ್ವರು ಯುವಕರನ್ನು ಗೋಲ್ಡ್ ಕೋಸ್ಟಿಗೆ, ಅಂದರೆ ಇಂದಿನ ಘಾನಾಕ್ಕೆ, ಕಳಿಸಿತು. ಆಗ ಅಲ್ಲಿನ ಕ್ರಿಶ್ಚಿಯನ್ಸ್‌ಬೋರ್ಗ್ ಡೆನ್ಮಾರ್ಕಿನ ಕೈಯಲ್ಲಿತ್ತು. ವರ್ಷ ತುಂಬುವ ಮೊದಲೇ ಮೂವರು ಜ್ವರಕ್ಕೆ ಬಲಿಯಾದರು, ನಾಲ್ಕನೆಯವರು 1831ರಲ್ಲಿ ತೀರಿಕೊಂಡರು. 1832ರಲ್ಲಿ ಮತ್ತೆ ಮೂವರು ಬಂದರು. ಅವರಲ್ಲೊಬ್ಬರು ವೈದ್ಯರು, ಮೊದಲು ಸತ್ತವರು ಅವರೇ. ಬದುಕಿ ಉಳಿದವರು ಆಂಡ್ರಿಯಾಸ್ ರೀಸ್ ಒಬ್ಬರೇ, ಅದೂ ಸ್ಥಳೀಯ ನಾಟಿ ವೈದ್ಯನೊಬ್ಬನ ಆರೈಕೆಯಿಂದ. ಆಫ್ರಿಕಾಕ್ಕೆ ಔಷಧ ಕೊಡಲು ಬಂದ ಮಿಶನ್ ತನ್ನ ಮೊದಲ ಜೀವವನ್ನು ಆಫ್ರಿಕಾದ ಗಿಡಮೂಲಿಕೆಯಿಂದ ಉಳಿಸಿಕೊಂಡಿತು ಎಂಬ ಮಾತನ್ನು ಯಾವ ಸೇವಾ ಚರಿತ್ರೆಯಲ್ಲೂ ಮರೆಯಬಾರದು.

ರೀಸ್ 1835ರಲ್ಲಿ ಕರಾವಳಿ ಬಿಟ್ಟು ಗುಡ್ಡದ ಮೇಲಿನ ಅಕ್ರೊಪಾಂಗ್ ಊರಿಗೆ ಹತ್ತಿದರು. ಅಲ್ಲಿ ಗಟ್ಟಿಮುಟ್ಟಾದ ಮನೆ ಕಟ್ಟಿದ್ದಕ್ಕೆ ಜನ ಅವರಿಗೆ 'ಓಸಿಯಾಡಾನ್' ಎಂದು ಹೆಸರಿಟ್ಟರು, ಮನೆ ಕಟ್ಟುವವ ಎಂದರ್ಥ. ಮನೆ ನಿಂತಿತು, ಕ್ರೈಸ್ತ ಸಭೆ ನಿಲ್ಲಲಿಲ್ಲ. 1840ರಲ್ಲಿ ರೀಸ್ ಹಿಂದಿರುಗುವ ಹೊತ್ತಿಗೆ ಅಲ್ಲಿ ಒಬ್ಬರೂ ದೀಕ್ಷಾಸ್ನಾನ ಪಡೆದಿರಲಿಲ್ಲ. ಬೀಳ್ಕೊಡುವಾಗ ಅಲ್ಲಿನ ಅರಸ ನಾನಾ ಅಡ್ಡೊ ಡಂಕ್ವಾ ಅವರಿಗೆ ಹೇಳಿದ ಮಾತು ಆ ಸಭೆಯವರ ಬಾಯಲ್ಲಿ ಇವತ್ತಿಗೂ ಇದೆ: ಪುಸ್ತಕ ಓದುವ, ನಿಮ್ಮ ದೇವರನ್ನು ನಂಬುವ ಕರಿಯರನ್ನು ತೋರಿಸಿ, ಆಮೇಲೆ ನೋಡೋಣ ಎಂದಿದ್ದರಂತೆ. ಆ ಮಾತೇ ಜಮೈಕಾದ ಹಡಗಿಗೆ ದಾರಿಯಾಯಿತು.

ಬಾಸೆಲ್‌ನಿಂದ ಹೋದ ಹುಡುಗರ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಜಮೈಕಾದಿಂದ ಬಂದವರ ಬಗ್ಗೆ ಬರೆದದ್ದು ಕಡಿಮೆ. ಅವರು ತಂದದ್ದು ಬೈಬಲ್ ಒಂದನ್ನೇ ಅಲ್ಲ. ಮಾವು, ಬೆಣ್ಣೆಹಣ್ಣು, ಕಾಫಿ, ಕೆಸುವಿನ ಜಾತಿಯ ಗಡ್ಡೆ ಮುಂತಾದವುಗಳ ಬೀಜ, ಸಸಿಗಳನ್ನು ತಂದರು. ಮಾವು ನಮ್ಮ ನೆಲದ್ದು. ಹಡಗಿನಿಂದ ಹಡಗಿಗೆ ಸಾಗಿ 18ನೇ ಶತಮಾನದ ಕೊನೆಗೆ ಜಮೈಕಾ ತಲುಪಿ, ಅಲ್ಲಿಂದ ಇವರ ಮೂಲಕ ಅಕುವಾಪೆಮ್ ಗುಡ್ಡ ಹತ್ತಿತು. ಕೆಸುವಿನ ಸೊಪ್ಪನ್ನು ಘಾನಾದವರು ಕೊಂಟೊಮಿರೆ ಎನ್ನುತ್ತಾರೆ, ತಾಳೆ ಎಣ್ಣೆಯಲ್ಲಿ ಬೇಯಿಸಿ ಉಣ್ಣುತ್ತಾರೆ. ಪತ್ರೊಡೆ ತಿಂದು ಬೆಳೆದ ಕರಾವಳಿಯ ಕನ್ನಡಿಗರಿಗೆ ಆ ಎಲೆಯ ಗುರುತು ಹೇಳಬೇಕಿಲ್ಲ. ಹಸಿದ ಊರಿಗೆ ಮೂಟೆ ಅಕ್ಕಿ ತಂದು ಇಳಿಸಿದರೆ ಅದು ಒಂದು ಮಳೆಗಾಲಕ್ಕೆ ತೀರುತ್ತದೆ. ಹಿತ್ತಲಿಗೆ ಇಳಿದ ಗಡ್ಡೆ ಊರಿನದೇ ಆಗಿಬಿಡುತ್ತದೆ.

ಅವರೊಂದಿಗೆ ಬಂದ ಕ್ಯಾಥರಿನ್ ಮಲ್‌ಗ್ರೇವ್ ಅವರ ಬದುಕನ್ನಂತೂ ಎಷ್ಟು ಹೇಳಿದರೂ ಕಡಿಮೆಯೇ. ಹುಟ್ಟಿದ್ದು ಅಂಗೋಲದಲ್ಲಿ. ಚಿಕ್ಕ ಹುಡುಗಿಯಾಗಿದ್ದಾಗಲೇ ಗುಲಾಮರ ವ್ಯಾಪಾರಿಗಳು ಹಿಡಿದು ಹಡಗು ಹತ್ತಿಸಿದರು. 1833ರಲ್ಲಿ ಆ ಹಡಗು ಜಮೈಕಾದ ಬಳಿ ಒಡೆಯಿತು, ಹುಡುಗಿ ಬದುಕಿಕೊಂಡಳು. ಅಲ್ಲಿನ ಗವರ್ನರರ ಮನೆಯವರ ಆಸರೆಯಲ್ಲಿ ಬೆಳೆದು, ಅವರ ಹೆಸರನ್ನೇ ಪಡೆದು, ಓದಿ ಶಿಕ್ಷಕಿಯಾದರು. ಹತ್ತು ವರ್ಷದ ಮೇಲೆ ಆಫ್ರಿಕಾದ ದಡದಲ್ಲಿ ಮತ್ತೆ ಇಳಿದು ಕ್ರಿಶ್ಚಿಯನ್ಸ್‌ಬೋರ್ಗ್‌ನಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದರು; ಓದು ಬರಹದ ಜತೆ ಹೊಲಿಗೆ ಕಲಿಸಿದರು. ಆ ಕಾಲದ ಮಿಶನ್ ವರದಿಗಳಲ್ಲಿ ಗಂಡಸರ ಹೆಸರೇ ಸಾಲುಸಾಲಾಗಿದೆ. ಆದರೆ ಆ ಊರಿನ ಅದೆಷ್ಟೋ ಮನೆಗಳಿಗೆ ಮೊದಲ ಅಕ್ಷರ ಹೋದದ್ದು ಈ ತಾಯಿಯ ಕೈಯಿಂದ.

1848ರಲ್ಲಿ ಅಕ್ರೊಪಾಂಗ್‌ನಲ್ಲಿ ಶಿಕ್ಷಕರ, ಉಪದೇಶಕರ ತರಬೇತಿ ಕಾಲೇಜು ಶುರುವಾಯಿತು. ಅದು ಇವತ್ತಿಗೂ ನಡೆಯುತ್ತಿದೆ. ಪಾಠ ಸ್ಥಳೀಯ ಭಾಷೆಯಲ್ಲೇ ಆಗಬೇಕು ಎಂಬ ಹಟ ಬಾಸೆಲ್‌ನವರದು. 1853ರಲ್ಲಿ ಬಾಸೆಲ್‌ನ ಮಿಶನರಿ ತರಬೇತಿ ಶಾಲೆಯಿಂದ ಇಬ್ಬರು ಬೇರೆ ಬೇರೆ ದಿಕ್ಕಿಗೆ ಬಂದಿಳಿದರು. ಒಬ್ಬರು ನಮ್ಮಲ್ಲಿಗೆ ಬಂದ ಫರ್ಡಿನೆಂಡ್ ಕಿಟೆಲ್. ಇನ್ನೊಬ್ಬರು ಅಕ್ರೊಪಾಂಗ್‌ಗೆ ಹೋದ ಯೋಹಾನ್ ಗಾಟ್ಲೀಬ್ ಕ್ರಿಸ್ಟಾಲರ್. ಕ್ರಿಸ್ಟಾಲರ್ ಟ್ವಿ ಭಾಷೆಗೆ 1871ರಲ್ಲಿ ಪೂರ್ಣ ಬೈಬಲ್, 1875ರಲ್ಲಿ ವ್ಯಾಕರಣ, 1881ರಲ್ಲಿ ನಿಘಂಟು ಕೊಟ್ಟರು. ನಡುವೆ 1879ರಲ್ಲಿ 3,600 ಗಾದೆಗಳನ್ನು ಕೂಡಿಹಾಕಿ ಅಚ್ಚು ಹಾಕಿಸಿದರು. ಗಾದೆಗಳೆಂದರೆ ಆ ಜನರ ಹಳೆಯ ನಂಬಿಕೆ, ನ್ಯಾಯ, ನಗು ಎಲ್ಲ ತುಂಬಿದ ಕಣಜ. ಮತ ಬದಲಿಸಲು ಬಂದವರೊಬ್ಬರು ಅದನ್ನೇ ಜೋಪಾನ ಮಾಡಿದರು. ಕಿಟೆಲ್ ನಿಘಂಟಿನ ಪುಟಗಳಲ್ಲಿ ನಮ್ಮ ಗಾದೆಗಳನ್ನು ಕಂಡವರಿಗೆ ಇದು ಅಚ್ಚರಿಯಲ್ಲ. ಭಾಷೆಯ ನಿಜವಾದ ಗುರುಗಳು ಊರಿನವರೇ. ಡೇವಿಡ್ ಅಸಾಂಟೆಯಂಥವರು ಬಾಸೆಲ್‌ಗೇ ಹೋಗಿ ಓದಿ ಬಂದು 1864ರಲ್ಲಿ ಪಾದ್ರಿಯಾದರು. ಕಾರ್ಲ್ ಕ್ರಿಶ್ಚಿಯನ್ ರೈಂಡಾರ್ಫ್ ಎಂಬ ಗಾ ಜನಾಂಗದ ಪಾದ್ರಿ ಹಿರಿಯರಿಂದ ಬಾಯಿಮಾತಿನ ಕತೆ ಕೇಳಿ ಕೇಳಿ ತನ್ನ ನಾಡಿನ ಚರಿತ್ರೆಯನ್ನು ಬರೆದು 1895ರಲ್ಲಿ ಪ್ರಕಟಿಸಿದರು.

ಇನ್ನು ಕೈಕಸುಬು. ಬಾಸೆಲ್ ಮಿಶನರಿಗಳಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಹಳ್ಳಿಗಳ ರೈತರ, ಬಡಗಿಗಳ, ನೇಕಾರರ ಮಕ್ಕಳು. ಬೆವರು ಸುರಿಸದ ಭಕ್ತಿಯನ್ನು ಅವರು ನಂಬುತ್ತಿರಲಿಲ್ಲ. ಮಂಗಳೂರಿನಲ್ಲಿ ಜಾತಿಯಿಂದ ಹೊರಬಿದ್ದ ಹೊಸ ಕ್ರೈಸ್ತರಿಗೆ ಗೇಣಿ ಭೂಮಿ, ಕುಲಕಸುಬು ಎರಡೂ ಕೈತಪ್ಪುತ್ತಿದ್ದವು. ಅದಕ್ಕೇ ಮಗ್ಗ, ಹೆಂಚಿನ ಕಾರ್ಖಾನೆ ಬೇಕಾದವು. ಗೋಲ್ಡ್ ಕೋಸ್ಟಿನ ಸ್ಥಿತಿ ಬೇರೆ. ಅಲ್ಲಿ ಮನೆತನದ ಭೂಮಿ ಹೆಚ್ಚಾಗಿ ಕೈಬಿಡುತ್ತಿರಲಿಲ್ಲ. ಹಾಗಾಗಿ ಅಲ್ಲಿ ಮಿಶನ್ ಕಮ್ಮಾರಿಕೆ, ಬಡಗಿತನದ ಕಾರ್ಯಾಗಾರಗಳನ್ನು ತೆರೆಯಿತು, ಶಾಲೆಯ ಮಕ್ಕಳಿಗೆ ಹೊಲದ ಕೆಲಸ ಹಚ್ಚಿತು. 1857ರ ಸುಮಾರಿಗೆ ಅಕ್ರೊಪಾಂಗ್‌ನಲ್ಲಿ ಕೋಕೋ ನೆಟ್ಟು ನೋಡಿದರು. ಗಿಡಗಳಿಗೆ ಹುಳ ಬಿತ್ತು, ಪ್ರಯತ್ನ ಸೊರಗಿತು. ಅದೇ ಮಿಶನ್ ಕಾರ್ಯಾಗಾರದಲ್ಲಿ ಕಮ್ಮಾರಿಕೆ ಕಲಿತ ಟೆಟ್ಟೆ ಕ್ವಾರ್ಶಿ ಎಂಬ ಸ್ಥಳೀಯರು ಫರ್ನಾಂಡೊ ಪೊ ದ್ವೀಪಕ್ಕೆ ಹೋಗಿ, 1870ರ ದಶಕದ ಕೊನೆಗೆ ಕೋಕೋ ಬೀಜ ತಂದು ಮಾಂಪಾಂಗ್‌ನಲ್ಲಿ ನೆಟ್ಟರು. ಅದು ನೆಲ ಹಿಡಿಯಿತು. ಸುತ್ತಲಿನ ರೈತರು ತಾವೇ ಗುಂಪು ಕಟ್ಟಿ ಕಾಡು ಕೊಂಡು ತೋಟ ಮಾಡಿದರು. 1891ರಲ್ಲಿ ಹೊರದೇಶಕ್ಕೆ ಹೋದ ಕೋಕೋ ಬರೀ 80 ಪೌಂಡು ತೂಕದ್ದು. 1911ಕ್ಕೆ ಗೋಲ್ಡ್ ಕೋಸ್ಟ್ ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ರಫ್ತು ಮಾಡುವ ನಾಡಾಗಿತ್ತು. ಈ ಬೆಳೆಯ ಕೀರ್ತಿಯನ್ನು ಮಿಶನ್ನಿಗೆ ಬರೆಯುವವರಿದ್ದಾರೆ. ಕಮ್ಮಾರನ ಕೈಗೆ ಸುತ್ತಿಗೆ ಕೊಟ್ಟ ಕೀರ್ತಿ ಮಿಶನ್ನಿನದೇ, ಆದರೆ ಕೋಕೋ ಆ ರೈತರದು.

ಇದೆಲ್ಲಕ್ಕೂ ಬೆಲೆ ತೆತ್ತವರಿದ್ದಾರೆ. ದೀಕ್ಷಾಸ್ನಾನ ಪಡೆದವರು ಊರಿನ ಪಕ್ಕದಲ್ಲಿ 'ಸೇಲಂ' ಎಂಬ ಬೇರೆಯದೇ ಕೇರಿಯಲ್ಲಿ ಇರಬೇಕಿತ್ತು. ಸಾಲು ಮನೆ, ಮಾವಿನ ಮರದ ನೆರಳು, ಗಂಟೆಯ ಸದ್ದಿಗೆ ನಡೆಯುವ ದಿನಚರಿ. ಹಿರಿಯರಿಗೆ ನೀರೆರೆಯುವ ಶಾಸ್ತ್ರಕ್ಕೆ ಹೋಗುವಂತಿಲ್ಲ, ಊರ ಡೋಲಿಗೆ ಹೆಜ್ಜೆ ಹಾಕುವಂತಿಲ್ಲ. ಒಂದೇ ಮನೆತನ ಎರಡಾಗಿ ಒಡೆದುಹೋಯಿತು. ಭಾಷೆಯನ್ನು ಅಷ್ಟು ಪ್ರೀತಿಯಿಂದ ಎತ್ತಿಕೊಂಡವರು ಆ ಭಾಷೆಯ ಹಾಡನ್ನು, ಕುಣಿತವನ್ನು ಹೊರಗಿಟ್ಟದ್ದು ನನ್ನ ಮಟ್ಟಿಗೆ ಅವರ ದೊಡ್ಡ ತಪ್ಪು.

ಗುಲಾಮಗಿರಿಯ ವಿಷಯದಲ್ಲೂ ದಾರಿ ನೇರವಾಗಿರಲಿಲ್ಲ. ಸಭೆಯ ಸದಸ್ಯರಲ್ಲೇ ಆಳುಗಳನ್ನು ಇಟ್ಟುಕೊಂಡವರಿದ್ದರು. 1860ರ ದಶಕದ ಆರಂಭದಲ್ಲಿ ಬಾಸೆಲ್‌ನ ಹಿರಿಯರು ಅವರನ್ನೆಲ್ಲ ಬಿಡುಗಡೆ ಮಾಡಲೇಬೇಕು ಎಂದು ಆಜ್ಞೆ ಹೊರಡಿಸಿದರು. ಅವಸರ ಬೇಡ, ಇಲ್ಲಿಯದು ಮನೆಯೊಳಗಿನ ಸಂಬಂಧದ ಹಾಗಿದೆ ಎಂದು ವಾದಿಸಿದವರಲ್ಲಿ ಯೋಹಾನೆಸ್ ಜಿಮ್ಮರ್‌ಮನ್ ಒಬ್ಬರು. ಗಾ ಭಾಷೆಗೆ ಬೈಬಲ್ ತಂದ ವಿದ್ವಾಂಸರು ಅವರು. ಅವರ ಹೆಂಡತಿ ಬೇರಾರೂ ಅಲ್ಲ, 1851ರಲ್ಲಿ ಅವರನ್ನು ಮದುವೆಯಾದ ಕ್ಯಾಥರಿನ್ ಮಲ್‌ಗ್ರೇವ್. ಗುಲಾಮರ ಹಡಗಿನಿಂದ ಪಾರಾಗಿ ಬಂದ ಆ ಹೆಣ್ಣುಮಗಳ ಮನೆಯಲ್ಲಿ ಈ ಮಾತು ಹೇಗೆ ನಡೆದಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಮೊದಲ ಮಹಾಯುದ್ಧದಲ್ಲಿ ಪರೀಕ್ಷೆ ಬಂತು. ಜರ್ಮನ್ ನಂಟಿನ ಕಾರಣಕ್ಕೆ 1917ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಶನರಿಗಳನ್ನು ಗೋಲ್ಡ್ ಕೋಸ್ಟಿನಿಂದ ಹೊರಹಾಕಿತು. ಮಿಶನ್ನಿನ ವ್ಯಾಪಾರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾಯಿತು. ನಮ್ಮ ಕರಾವಳಿಯ ಹೆಂಚಿನ ಕಾರ್ಖಾನೆಗಳೂ ಅದೇ ಕಂಪನಿಯ ಕೈಗೆ ಹೋದವು. ಅಲ್ಲಿ ಸಭೆ ಕುಸಿಯಲಿಲ್ಲ. ಸ್ಕಾಟ್ಲೆಂಡಿನ ಮಿಶನ್ ನೆರವಿಗೆ ಬಂದರೂ 1918ರಲ್ಲಿ ಚುಕ್ಕಾಣಿ ಹಿಡಿದವರು ಊರಿನವರೇ: ಸಭೆಯ ಮೊದಲ ಮಾಡರೇಟರ್ (ಮುಖ್ಯಸ್ಥ) ಪೀಟರ್ ಹಾಲ್, ಅದರ ಆಡಳಿತ ಮಂಡಳಿಯಾದ ಸಿನೊಡ್‌ನ ಮೊದಲ ಕಾರ್ಯದರ್ಶಿ ನಿಕೊಲಾಸ್ ಟಿಮೊಥಿ ಕ್ಲರ್ಕ್. ಇಬ್ಬರ ತಂದೆಯರೂ 1843ರ ಹಡಗಿನಲ್ಲಿ ಜಮೈಕಾದಿಂದ ಬಂದವರು. ಕ್ಲರ್ಕ್ ಅವರ ಮಗಳು ಮಟಿಲ್ಡಾ ಮುಂದೆ ವೈದ್ಯೆಯಾದರು, ಘಾನಾದವರಲ್ಲಿ ವೈದ್ಯೆಯಾದ ಎರಡನೇ ಮಹಿಳೆ.

ಆಸ್ಪತ್ರೆ ಈ ಕತೆಯಲ್ಲಿ ತಡವಾಗಿ ಬರುತ್ತದೆ. ರುಡಾಲ್ಫ್ ಫಿಶ್ ಎಂಬ ಸ್ವಿಸ್ ವೈದ್ಯರು 1885ರಲ್ಲಿ ಬಂದು ಅಬುರಿಯಲ್ಲಿ ರೋಗಿಗಳನ್ನು ನೋಡತೊಡಗಿದರೂ, ಮಿಶನ್ನಿಗೆ ದೊಡ್ಡ ಆಸ್ಪತ್ರೆ ಎಂದು ಆದದ್ದು 1931ರಲ್ಲಿ, ಅಶಾಂಟಿ ಸೀಮೆಯ ಅಗೊಗೊ ಊರಿನಲ್ಲಿ. ಸರ್ಕಾರದ ಆಸ್ಪತ್ರೆಗಳು ಪೇಟೆಗಳನ್ನು ಹಿಡಿದು ಕೂತಿದ್ದಾಗ ಚರ್ಚಿನವು ಹಳ್ಳಿಗಾಡಿನಲ್ಲಿ ಎದ್ದವು. ಸ್ವಾತಂತ್ರ್ಯ ಬಂದ ಹತ್ತು ವರ್ಷಕ್ಕೆ, 1967ರಲ್ಲಿ, ಬೇರೆ ಬೇರೆ ಪಂಥಗಳ ಆಸ್ಪತ್ರೆಗಳೆಲ್ಲ ಸೇರಿ ಘಾನಾ ಕ್ರೈಸ್ತ ಆರೋಗ್ಯ ಸಂಘ ಕಟ್ಟಿಕೊಂಡವು.

ಇವತ್ತು ಈ ಆಸ್ಪತ್ರೆಗಳ ಆಡಳಿತ ಚರ್ಚಿನದು, ಹೆಚ್ಚಿನ ಸಿಬ್ಬಂದಿಯ ಸಂಬಳ ಸರ್ಕಾರದ್ದು. 2003ರ ಕಾನೂನಿನಿಂದ ಬಂದ ರಾಷ್ಟ್ರೀಯ ಆರೋಗ್ಯ ವಿಮೆಯ ಕಾರ್ಡು ಹಿಡಿದು ಹಳ್ಳಿಯವರು ಅಲ್ಲಿಗೆ ಹೋಗುತ್ತಾರೆ. ಮುಸ್ಲಿಮರೂ ಹೋಗುತ್ತಾರೆ, ಹಿರಿಯರ ದೇವರನ್ನು ನಂಬುವವರೂ ಹೋಗುತ್ತಾರೆ. ತೊಂದರೆ ಬರುವುದು ವಿಮೆಯ ಹಣ ತಿಂಗಳುಗಟ್ಟಲೆ ತಡವಾದಾಗ. ಆಗ ಔಷಧ ಸಾಲಕ್ಕೆ ತರಿಸಬೇಕು, ಇಲ್ಲವೇ ರೋಗಿಯ ಕೈಯಿಂದಲೇ ದುಡ್ಡು ಕೇಳಬೇಕು. ವಿದೇಶದ ಸಭೆಗಳಿಂದ ಬರುತ್ತಿದ್ದ ದೇಣಿಗೆಯನ್ನು ಈಗ ನೆಚ್ಚಿಕೊಳ್ಳುವಂತಿಲ್ಲ. ಬಿಲ್ಲು ಯಾರು ಕಟ್ಟಬೇಕು ಎಂಬ ಮಾತುಕತೆ ಈಗ ನಡೆಯುವುದು ಬಾಸೆಲ್‌ನಲ್ಲಲ್ಲ, ಘಾನಾದ ರಾಜಧಾನಿ ಅಕ್ರಾದಲ್ಲಿ. ಅದರಲ್ಲಿ ಮೇಜಿನ ಎರಡೂ ಕಡೆ ಕೂತವರು ಘಾನಾದವರೇ.